ಬಲಗಿವಿಯ ಜಿಂಕೆ

ಹೆರಿಗೆಯ ದೇವಿಯ ಗುಡಿಯಿಂದ ತಂದಿಟ್ಟಿದ್ದ ಮಣ್ಣಿನ ಗಡಿಗೆಯನ್ನು ಭಂಡಾರದ ಹಲಗೆಯ ಮೇಲೆ ಬೋರಲು ಹಾಕುವಾಗ ಅಕ್ಕಸಾಲಿ ಸೊಸಿಲೋಸನ ಮನಸ್ಸು ಗಡಿಗೆಯಲ್ಲಿರಲಿಲ್ಲ. ಮಧ್ಯಾಹ್ನ ಗಾಳಿ ತಿರುಗುವುದಕ್ಕೆ ಮೊದಲು ದೋಣಿ ಹೊರಡುತ್ತದೆ. ಮಗಳು ಆ ಹೊತ್ತಿಗೆ ದಂಡೆಗೆ ಬಂದು ಕೂತಿರುತ್ತಾಳೆ. ಉಣ್ಣೆಯ ಹೊದಿಕೆಯನ್ನು ಮರೆತೇ ಬಂದಿರುತ್ತಾಳೆ. ಬೆಳಗ್ಗೆ ಮನೆಯಿಂದ ಹೊರಡುವಾಗ ತಾನದನ್ನು ನೆನಪಿಸಬೇಕಿತ್ತು. ಹೀಗೆ ಒಂದರ ಬಾಲ ಇನ್ನೊಂದು ಹಿಡಿದು ಬರುತ್ತಿದ್ದ ಚಿಂತೆಗಳ ನಡುವೆ ಅವನ ಬೆರಳುಗಳು ಮೂವತ್ತು ವರ್ಷಗಳ ರೂಢಿಯಿಂದ ತಾವೇ ಕೆಲಸ ಮಾಡುತ್ತಿದ್ದವು: ಮುರಿದ ಉಂಗುರ ಈ ಕಡೆ, ಸೊಟ್ಟಗಾದ ಬಳೆ ಆ ಕಡೆ, ಕೊಂಡಿ ಕಳಚಿದ ಸರ ನಡುವೆ, ಒಂಟಿ ಓಲೆಗಳು ಎದುರಿಗೆ. ತಲೆಮಾರುಗಳಿಂದ ಗುಡಿಯಲ್ಲಿ ಸೇರುತ್ತ ಬಂದ ಹರಕೆಯ ಒಡವೆಗಳಲ್ಲಿ ಮುಕ್ಕಾದವನ್ನು, ಒಂಟಿಯಾದವನ್ನು, ಕೊಟ್ಟವರ ಹೆಸರು ಮಾಸಿದವನ್ನು ಕರಗಿಸಿ ದೇವಿಗೆ ಒಂದೇ ಒಂದು ಬಟ್ಟಲು ಮಾಡಿಸಬೇಕೆಂದು ದೇಲೋಸ್ ದ್ವೀಪದ ಸಭೆ ತೀರ್ಮಾನಿಸಿತ್ತು. ಹರಳುಗಳನ್ನು ಕಿತ್ತು ಬಟ್ಟೆಯಲ್ಲಿ ಕಟ್ಟಿಡುವುದು. ಹೆಸರು ತಿಳಿದಿರುವ ಜೋಡಿಗಳನ್ನು ಮಾತ್ರ ಇದ್ದಂತೆಯೇ ಉಳಿಸಿ, ಆ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು. ಇದರಲ್ಲಿ ಅಪಚಾರವಿಲ್ಲವೆಂದು ಪೂಜಾರಿಗಳು ಹೇಳಿದ್ದರು. ದೇವಿಗೆ ಸಂದ ಚಿನ್ನ ದೇವಿಯ ಸನ್ನಿಧಿಯಲ್ಲೇ ರೂಪ ಬದಲಿಸುತ್ತದೆ, ಅಷ್ಟೆ. ಸೊಸಿಲೋಸನಿಗೂ ಅನುಮಾನವಿರಲಿಲ್ಲ. ನಿನ್ನೆ ಬಲಿಪೀಠದ ಮುಂದೆ ನಿಂತು, ಒಂದು ಗುಲಗಂಜಿಯಷ್ಟನ್ನೂ ಹೊರಗೆ ಒಯ್ಯುವುದಿಲ್ಲ ಎಂದು ಪ್ರಮಾಣ ಮಾಡಿದ್ದ. ಆಗ ತನ್ನ ದನಿ ಎಷ್ಟು ಗಟ್ಟಿಯಾಗಿ, ಎಷ್ಟು ಶುದ್ಧವಾಗಿ ಹೊರಟಿತ್ತೆಂಬುದನ್ನು ನೆನೆದು ಸಣ್ಣದೊಂದು ತೃಪ್ತಿಯನ್ನೂ ಪಟ್ಟಿದ್ದ.

ಬಾಗಿಲ ಬಳಿ ಕಲ್ಲಿನ ಮೇಲೆ ಕೂತು, ಲೆಕ್ಕ ಬರೆಯುವ ಸುಣ್ಣ ಬಳಿದ ಹಲಗೆಯನ್ನು ತೊಡೆಗಾನಿಸಿಕೊಂಡು ಒಣ ಅಂಜೂರ ತಿನ್ನುತ್ತಿದ್ದ ಮೆನಿಲ್ಲೊಸ್ ಈ ವರ್ಷದ ಗುಡಿಯ ಮೇಲ್ವಿಚಾರಕ. ಸೊಸಿಲೋಸನಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತಿಲ್ಲದೆ ಕೂರಲಾರದವನು.

"ಮಗಳು ಹೆರಿಗೆಗೆ ಇವತ್ತು ದಾಟ್ತಾಳಂತಲ್ಲ, ಸೊಸಿಲೋಸಣ್ಣ."

"ಹ್ಞೂಂ. ಮಧ್ಯಾಹ್ನ."

"ಅಳಿಯ?"

"ರೋಡ್ಸ್ ದ್ವೀಪದ ಕಡೆ ಹಡಗಿನ ಮೇಲಿದ್ದಾನೆ. ಅವನು ಬರೋ ಹೊತ್ತಿಗೆ ಮಗು ನಡೀತಿರುತ್ತೆ."

"ಒಳ್ಳೇದೇ ಆಯ್ತು ಬಿಡು. ಇಂಥ ಹೊತ್ತಲ್ಲಿ ಗಂಡಸರು ಇದ್ದರೂ ಅಡ್ಡ, ಇಲ್ಲದಿದ್ದರೂ ಅಡ್ಡ." ಮೆನಿಲ್ಲೊಸ್ ಅಂಜೂರದ ತೊಟ್ಟನ್ನು ಹೊರಗೆ ಎಸೆದ. "ಆ ಒಂಟಿ ಓಲೆ ನೋಡಿದ್ಯಾ, ಎಷ್ಟು ಬಿದ್ದಿವೆ. ಇಷ್ಟು ಜನ ಹೆಂಗಸರು ಒಂದೊಂದೇ ಯಾಕಪ್ಪ ಕೊಡ್ತಾರೆ, ದೇವಿಗೇನು ಒಂದೇ ಕಿವಿಯಾ ಅಂತ ನನ್ನ ಹೆಂಡ್ತೀನ ಕೇಳ್ದೆ. ಬೈಸ್ಕೊಂಡೆ. ಆಮೇಲೆ ಹೇಳಿದ್ಲು. ಆಚೆ ದಡಕ್ಕೆ ದಾಟೋಕೆ ಮೊದಲು ಒಂದು ಕೊಡೋದಂತೆ, ಮಗು ಎತ್ಕೊಂಡು ವಾಪಸ್ ಬಂದ ಮೇಲೆ ಇನ್ನೊಂದು. ಅಲ್ಲೀತನಕ ಬಾಯಿ ಬಿಡೋ ಹಾಗಿಲ್ಲ. ಗಂಡನಿಗಂತೂ ಇಲ್ವೇ ಇಲ್ಲ. ಹೇಳಿದ್ರೆ ಹರಕೆ ಕೆಟ್ಟುಹೋಗುತ್ತಂತೆ."

"ಮತ್ತೆ ಈ ಒಂಟಿಗಳು?"

"ವಾಪಸ್ ಬರದೇ ಇದ್ದೋರವು," ಎಂದು ಮೆನಿಲ್ಲೊಸ್ ಹೇಳಿ, ಹೇಳಿದ ಮೇಲೆ ಅಂಜೂರ ಅಗಿಯುವುದನ್ನು ನಿಲ್ಲಿಸಿದ. ದಾಟಲಿರುವವಳ ತಂದೆಯ ಮುಂದೆ ಆಡಬಾರದ ಮಾತು ಅದೆಂದು ಅವನಿಗೆ ತಡವಾಗಿ ಹೊಳೆದಿತ್ತು. ಆದರೆ ಸೊಸಿಲೋಸ್ ಮಾತನ್ನು ಕೇಳಿಸಿಕೊಂಡಂತೆಯೇ ಇರಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಅವನು ಒಂದು ಓಲೆ ಹಿಡಿದಿದ್ದ.

ಹೆಣೆದ ಚಿನ್ನದ ತಂತಿಯ ಬಳೆಯಂಥ ಓಲೆ. ಒಂದು ತುದಿಗೆ ಜಿಂಕೆಯ ತಲೆ. ಕುತ್ತಿಗೆಯ ಪಟ್ಟಿಯಲ್ಲಿ ಕೂರಿಸಿದ ಕೆಂಪು ಹರಳು, ದಾಳಿಂಬೆಯ ಒಂದೇ ಬೀಜದಂಥದು. ಜಿಂಕೆಯ ಎಡಗಿವಿ ತುಸು ಹಿಂದಕ್ಕೆ ಬಾಗಿತ್ತು. ಬೆಸುಗೆಯ ಹೊತ್ತಿನಲ್ಲಿ ಊದುಕೊಳವೆಯ ಉಸಿರು ಒಂದು ಕ್ಷಣ ಹೆಚ್ಚಾಗಿ ಆ ಕಿವಿ ಮೆತ್ತಗಾಗಿ ಬಾಗಿದ್ದು. ತಿದ್ದಲು ಹೋಗಿ ಇನ್ನೂ ಕೆಡಿಸಿದ್ದು. ಕೊನೆಗೆ, "ಏನೋ ಕೇಳಿಸಿಕೊಳ್ಳುತ್ತಿದೆ, ಹಾಗೇ ಇರಲಿ ಬಿಡು," ಎಂದು ಹೆಂಡತಿ ಕ್ಲೈನೋ ಭುಜದ ಹಿಂದಿನಿಂದ ಹೇಳಿದ್ದು. ಹೇಳುವಾಗ ಅವಳ ಗಲ್ಲ ತನ್ನ ಕಿವಿಗೆ ತಾಗಿದ್ದು, ಅವಳ ಬಾಯಲ್ಲಿ ಸೋಂಪಿನ ವಾಸನೆಯಿದ್ದದ್ದು. ಬಲಗಿವಿಯ ಓಲೆ. ಎಡಗಿವಿಯದರ ಜಿಂಕೆ ಬಲಕ್ಕೆ, ಬಲಗಿವಿಯದರ ಜಿಂಕೆ ಎಡಕ್ಕೆ, ಅವಳ ಗದ್ದದ ಕೆಳಗಿನ ಬಯಲಿನಲ್ಲಿ ಒಂದನ್ನೊಂದು ನೋಡುತ್ತಿರಬೇಕೆಂದು ಮೂರು ತಿಂಗಳು ಕಣ್ಣು ಸುಟ್ಟುಕೊಂಡು ಮಾಡಿದ ಜೋಡಿ. ಎಡಗಿವಿಯದು ಈಗ ಮಗಳು ಫಿಲ್ತೆಯ ಕೊರಳಲ್ಲಿ ದಾರದಿಂದ ತೂಗುತ್ತಿದೆ. ಬಲಗಿವಿಯದು ಕಳೆದುಹೋಗಿ ಹತ್ತೊಂಬತ್ತು ವರ್ಷವಾಗಿದೆ. ಕಳೆದುಹೋಗಿರಲಿಲ್ಲ, ಕಳುವಾಗಿತ್ತು. ಕಳುವಾಗಿತ್ತೆಂದು ಅವನೇ ಊರಿಗೆಲ್ಲ ಹೇಳಿದ್ದ.

ಹರಳು ಇನ್ನೂ ಕೆಂಪಾಗಿತ್ತು. ಅದೇ ಅವನನ್ನು ಮೊದಲು ಚುಚ್ಚಿದ್ದು. ಮಗಳ ಕೊರಳಿನ ಹರಳು ಯಾವತ್ತೋ ಕಪ್ಪಿಟ್ಟಿತ್ತು. ಚಿಕ್ಕವಳಿದ್ದಾಗ ಅವಳು, "ಅಪ್ಪಾ, ಇದ್ಯಾಕೆ ಕಪ್ಪು?" ಎಂದು ಕೇಳಿದರೆ, ಹರಳುಗಳಿಗೂ ವಯಸ್ಸಾಗುತ್ತದೆ ಮಗಳೇ, ಎನ್ನುತ್ತಿದ್ದ. ಹರಳಿಗೆ ವಯಸ್ಸಾಗುವುದಿಲ್ಲ. ಆ ವರ್ಷ ಸಿಂಧೂದೇಶದಿಂದ ಬಂದ ಮೂಟೆಯಲ್ಲಿ ಅವನ ಕೈಗೆಟುಕಿದ ಹರಳುಗಳು ಎರಡೂ ಪೇಲವ, ನೀರು ಬೆರೆಸಿದ ದ್ರಾಕ್ಷಾರಸದ ಬಣ್ಣ. ಬೆಳ್ಳಿಯ ತೆಳು ತಗಡಿಗೆ ಕೆಂಪು ಬಣ್ಣ ಹಚ್ಚಿ, ಹರಳಿನ ಅಡಿಗಿಟ್ಟು, ಸುತ್ತ ಚಿನ್ನದ ಅಂಚು ಒತ್ತಿ ಕೂರಿಸಿ, ಒಲೆಯ ಬೆಳಕಿನಲ್ಲಿ ಅವಳಿಗೆ ತೋರಿಸಿ, "ಇಂಥ ಕೆಂಪು ಅರಸಿಯರ ಹತ್ತಿರವೂ ಇಲ್ಲ," ಎಂದಿದ್ದ. ಮಗಳ ಕೊರಳಿನ ಬೆವರು ಅಂಚಿನೊಳಗೆ ಇಳಿದು ಬೆಳ್ಳಿ ಕಪ್ಪಾಗಿತ್ತು. ಗಡಿಗೆಯ ಕತ್ತಲೆಯಲ್ಲಿ ಯಾವ ಮೈಯನ್ನೂ ಮುಟ್ಟದೆ ಕೂತಿದ್ದ ಇದು, ಅವನ ಸುಳ್ಳನ್ನು ಅವನು ಹೇಳಿದ ದಿನ ಎಷ್ಟು ಕೆಂಪಾಗಿತ್ತೋ ಅಷ್ಟೇ ಕೆಂಪಾಗಿ ಉಳಿಸಿಕೊಂಡಿತ್ತು.

"ಏನಾಯ್ತಣ್ಣ?" ಎಂದ ಮೆನಿಲ್ಲೊಸ್.

"ಇದು ನಮ್ಮನೇದು."

ಮೆನಿಲ್ಲೊಸ್ ಎದ್ದು ಬಂದು ನೋಡಿದ. "ಗುರುತಿದೆಯಾ?"

"ನಾನೇ ಮಾಡಿದ್ದು. ಕ್ಲೈನೋದು."

"ಅಂದ್ರೆ ಆ..." ಎಂದು ಮೆನಿಲ್ಲೊಸ್ ನಿಲ್ಲಿಸಿದ. ಆ ಸೂಲಗಿತ್ತಿ ಕದ್ದಳು ಅಂತ ಹೇಳ್ತಿದ್ದದ್ದಾ, ಎಂಬ ಉಳಿದ ಮಾತು ಇಬ್ಬರ ನಡುವೆ ನಿಂತಿತು. ಅವನಿಗೂ ಗೊತ್ತಿತ್ತು. ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಓಲೆ ಬಿತ್ತೋ, ಓಲೆ ಬಿತ್ತೋ, ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಬಿತ್ತೋ ಎಂಬ ಅವಳ ಹೆಸರಿಗೆ ಓಲೆ ಸೇರಿಸಿ ಅವಳ ಬೆನ್ನ ಹಿಂದೆ ಅನ್ನುತ್ತಿದ್ದರು. "ನಿನ್ನದು ಅಂತ ಗೊತ್ತಾದ್ರೂ ಈಗ ದೇವಿಯದು," ಎಂದು ಮೆನಿಲ್ಲೊಸ್ ಮೆತ್ತಗೆ ಹೇಳಿದ. "ಜೋಡಿ ಇದ್ದಿದ್ರೆ ಹೆಸರು ಬರ್ಕೋತಿದ್ದೆ, ಉಳೀತಿತ್ತು. ಒಂಟಿ ಅಂದ್ರೆ ಕರಗಿಸೋ ಮೂಸೆಗೇ ಹೋಗ್ಬೇಕು. ಗಡಿಗೆ ತೂಕ ಬೇರೆ ಬೆಳಿಗ್ಗೇನೇ ಎಲ್ಲರ ಮುಂದೆ ಕೂಗಿ ಬರ್ಸಿಬಿಟ್ಟಿದ್ದೀವಿ."

"ಜೋಡಿ ತಂದ್ರೆ?"

"ತಂದ್ರೆ ಬೇರೆ ಮಾತು. ಬೆಂಕಿ ಹದಕ್ಕೆ ಬರೋದ್ರೊಳಗೆ ತಾ."

ಓಲೆಯನ್ನು ಹಲಗೆಯ ಮೇಲೆಯೇ ಬಿಟ್ಟು ಅವನು ಹೊರಬಿದ್ದ. ಪ್ರಮಾಣ ನೆನಪಿತ್ತು, ಕೈಬೆರಳುಗಳನ್ನು ಅಂಗಿಗೆ ಒರೆಸಿಕೊಂಡೇ ಹೊರಬಂದ. ಇಳಿಜಾರಿನ ಕೆಳಗೆ ಕಡಲು, ಕಡಲಿನ ಆಚೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ರೇನಿಯಾ ದ್ವೀಪದ ಬೋಳು ಗುಡ್ಡ. ಲೇತೋ ತಾಯಿ ಖರ್ಜೂರದ ಮರವನ್ನು ತಬ್ಬಿಕೊಂಡು ದೇವರನ್ನೇ ಹೆತ್ತ ನೆಲವಿದು. ಆದ್ದರಿಂದಲೇ ಇಲ್ಲಿ ಇನ್ನು ಯಾರೂ ಹೆರುವಂತಿಲ್ಲ, ಇಲ್ಲಿ ಯಾರೂ ಸಾಯುವಂತಿಲ್ಲ. ತಿಂಗಳು ತುಂಬಿದವಳನ್ನೂ ಉಸಿರು ಕಟ್ಟುತ್ತಿರುವವನನ್ನೂ ಅದೇ ದಂಡೆಯಿಂದ ಅದೇ ದೋಣಿ ಆಚೆಗೆ ದಾಟಿಸುತ್ತದೆ. ಈ ವಿಧಿಯನ್ನು ಅವನು ಎಂದೂ ಪ್ರಶ್ನಿಸಿದವನಲ್ಲ. ಪವಿತ್ರವಾದುದರ ಬಳಿ ಬದುಕುವವರು ತಮ್ಮ ಆದಿ ಅಂತ್ಯಗಳನ್ನು ಬೇರೆಡೆ ಇಟ್ಟುಕೊಳ್ಳಬೇಕು, ಅದು ನ್ಯಾಯ. ಆದರೂ ಈ ಹತ್ತೊಂಬತ್ತು ವರ್ಷಗಳಲ್ಲಿ ಒಂದು ಬೆಳಗ್ಗೆಯೂ ಅಂಗಡಿಯ ಬಾಗಿಲು ತೆಗೆಯುವಾಗ ಆ ಬೋಳು ಗುಡ್ಡವನ್ನು ನೋಡದೆ ಒಳಗೆ ಹೋಗಿರಲಿಲ್ಲ. ಅಲ್ಲಿ ಮೂರನೆಯ ಸಾಲಿನಲ್ಲಿ ಕ್ಲೈನೋಳ ಕಲ್ಲಿದೆ. ವರ್ಷಕ್ಕೊಮ್ಮೆ ದಾಟಿ ಹೋಗಿ ಎಣ್ಣೆ ಹೊಯ್ದು ಬರುತ್ತಿದ್ದ. ಹೊಯ್ಯುವಾಗ ಪ್ರತಿ ಸಲವೂ ಮನಸ್ಸಿನ ಯಾವುದೋ ಮೂಲೆಯಿಂದ, ಅಷ್ಟು ಎಚ್ಚರ ತಪ್ಪಬಾರದಿತ್ತು ನೀನು, ಎಂಬ ಮಾತು ಏಳುತ್ತಿತ್ತು. ಯಾವುದರ ಎಚ್ಚರ ಎಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಅಂದು ಅವಳು ಹೆರಿಗೆಗೆಂದು ದೋಣಿ ಹತ್ತುವಾಗ ಗಾಳಿಗೆ ಸೆರಗು ಸರಿದು ಬಲಗಿವಿ ಬರಿದಾಗಿರುವುದು ಕಂಡಿತ್ತು. ಅವನು ಅಂಬಿಗರ ಮುಂದೆ, ಮೀನು ಒಣಗಿಸುತ್ತಿದ್ದ ಹೆಂಗಸರ ಮುಂದೆ, ದಂಡೆಗೆಲ್ಲ ಕೇಳುವಂತೆ ಕೂಗಿದ್ದ: ಮೂರು ತಿಂಗಳು ಕಣ್ಣು ಕಳ್ಕೊಂಡು ಮಾಡಿದ್ದು, ಮೂರು ದಿನ ಕಾಪಾಡೋಕಾಗ್ಲಿಲ್ವಾ ನಿನಗೆ? ಅವಳು ಬರಿಗಿವಿಯನ್ನು ಬೆರಳಿನಿಂದ ಮುಟ್ಟಿಕೊಂಡು ಅವನನ್ನು ನೋಡಿದಳು. ಆ ನೋಟವನ್ನು ಅವನು ಹತ್ತೊಂಬತ್ತು ವರ್ಷ ತಪ್ಪಿತಸ್ಥಳ ನೋಟವೆಂದೇ ಓದಿದ್ದ. ಅಂಥ ನೋಟಕ್ಕೆ ಕ್ಷಮೆಯನ್ನೂ ನೀಡಿದ್ದ. ತನ್ನ ಉದಾರತೆಗೆ ತಾನೇ ತಲೆದೂಗಿದ್ದ. ಈಗ ಇಳಿಜಾರಿನಲ್ಲಿ ಕಾಲು ಜಾರುತ್ತ ಇಳಿಯುವಾಗ ಆ ಮುಖ ಮತ್ತೆ ಎದ್ದು ಬಂದಿತು. ಕಣ್ಣು ಅವೇ, ಬೆರಳು ಅದೇ. ಆದರೆ ಅಲ್ಲಿ ತಪ್ಪಿರಲಿಲ್ಲ. ಹೇಳಿಬಿಡಲೇ ಎಂಬ ಆಸೆಯಿತ್ತು. ಬೇಡ, ವಾಪಸ್ ಬಂದ ಮೇಲೆ ಹೇಳಿದರೆ ಎಷ್ಟು ಚಂದ, ಎಂಬ ತಡೆಯಿತ್ತು. ತುಟಿಯ ಮೂಲೆಯಲ್ಲಿ ಒಂದು ನಗು ಇತ್ತು. ಇತ್ತೇ, ಅಥವಾ ಅವನೇ ಈಗ ಇಡುತ್ತಿದ್ದನೇ? ಪೇಲವ ಹರಳಿನ ಅಡಿಗೆ ಬಣ್ಣದ ತಗಡಿಡುವ ಕೈಯಲ್ಲವೇ ಅವನದು?

ಅವಳು ದಾಟಿದ ಆರನೆಯ ದಿನ ಬಿತ್ತೋ ಒಬ್ಬಳೇ ದೋಣಿಯಿಂದಿಳಿದಳು. ಒಂದು ತೋಳಿನಲ್ಲಿ ಮಗು. ಇನ್ನೊಂದು ಕೈಯಲ್ಲಿ, ಸತ್ತವಳ ಎಡಗಿವಿಯಿಂದ ಬಿಚ್ಚಿ ತಂದ ಓಲೆ. ಎರಡನ್ನೂ ಅವನತ್ತ ಚಾಚಿದಳು. ಆಗ ಅವನ ಬಾಯಿಂದ ಬಂದ ಮೊದಲ ಮಾತು: "ಇನ್ನೊಂದು ಎಲ್ಲಿ?" ಎರಡನೆಯದು, ದಾಟುವ ಮೊದಲು ಅವಳ ಬಳಿಯಿದ್ದ ನೀನೇ ಅದನ್ನು ಕದ್ದೆ ಎಂದು, ದಂಡೆಗೆಲ್ಲ ಕೇಳುವಂತೆ.

ದಂಡೆಯಲ್ಲಿ ಫಿಲ್ತೆ ಹಗ್ಗದ ಸುರುಳಿಯ ಮೇಲೆ ಕೂತಿದ್ದಳು. ಹೊಟ್ಟೆಯ ಮೇಲೆ ಉಣ್ಣೆಯ ಹೊದಿಕೆಯಿತ್ತು, ಮರೆತಿರಲಿಲ್ಲ. ಪಕ್ಕದಲ್ಲಿ ಬಿತ್ತೋ, ಈಗ ಬೆನ್ನು ಬಾಗಿ ಎಪ್ಪತ್ತರ ಮೇಲಾದವಳು, ಬಾರ್ಲಿ ರೊಟ್ಟಿಯನ್ನು ಮುರಿದು ಗಿಣ್ಣಿನ ಜೊತೆ ಅವಳ ಬಾಯಿಗೆ ತುರುಕುತ್ತಿದ್ದಳು. ತಾಯಿಯನ್ನು ಉಳಿಸಲಾಗದ ಕೈಗಳಿಗೇ ತನ್ನನ್ನು ಒಪ್ಪಿಸಿಕೊಳ್ಳುತ್ತೇನೆಂದು ಹಟ ಹಿಡಿದವಳು ಫಿಲ್ತೆಯೇ. ಅವನು ಬೇಡವೆಂದಾಗ, "ನನ್ನನ್ನು ಹೊರಗೆ ತಂದಿದ್ದೂ ಅವೇ ಕೈ ಅಲ್ವಾ ಅಪ್ಪಾ," ಎಂದಿದ್ದಳು.

"ಬೆಂಕಿ ಬಿಟ್ಟು ಬಂದ್ಯಾ?" ಎಂದಳು ಫಿಲ್ತೆ. "ಮುಖ ಏನು ಹೀಗಾಗಿದೆ?"

ಅವನು ಬಿತ್ತೋಳ ಕಡೆ ತಿರುಗಿದ. ನಿಂತು ಮಾತಾಡುವುದೋ, ಕೂತು ಮಾತಾಡುವುದೋ ತಿಳಿಯದೆ ಅರ್ಧ ಬಗ್ಗಿದ. "ಬಿತ್ತೋ ಅವ್ವ, ಓಲೆ ಸಿಕ್ತು. ಹೆರಿಗೆಯ ದೇವಿ ಗಡಿಗೇಲಿ."

ಮುದುಕಿಯ ಕೈ ರೊಟ್ಟಿಯ ಮೇಲೆ ನಿಂತಿತು. "ಹೂಂ," ಎಂದಳು.

"ನಿನಗೆ ಗೊತ್ತಿತ್ತು."

"ನಾನೇ ಕರ್ಕೊಂಡು ಹೋಗಿದ್ದೆ. ಮೆಟ್ಲು ಹತ್ತೋಕಾಗ್ತಿರ್ಲಿಲ್ಲ ಅವಳಿಗೆ."

"ಹೇಳಬಹುದಿತ್ತಲ್ಲ ಒಂದು ಮಾತು. ಇಷ್ಟು ವರ್ಷ ಊರೆಲ್ಲ..."

"ಊರೆಲ್ಲ ಅಂದ್ರೆ ಯಾರು? ಊರಿಗೆ ಹೇಳಿಕೊಟ್ಟೋರು ಯಾರು?" ಅವಳ ದನಿಯಲ್ಲಿ ಕೋಪವಿರಲಿಲ್ಲ, ಉಪ್ಪು ಎಷ್ಟು ಹಾಕಲಿ ಎಂದು ಕೇಳುವಂತಿತ್ತು. "ಅರ್ಧ ಹರಕೆ ಇನ್ನೂ ಬಾಕಿ ಇತ್ತಪ್ಪ. ಬಾಯಿ ಬಿಟ್ರೆ ಕೆಡೋದು. ತಾಯಿ ಹೋದಳು, ಮಗು ಉಳಿದಿತ್ತು. ನನ್ನ ಹೆಸರು ಉಳಿಸ್ಕೊಳ್ಳೋಕೆ ಇದರ ಮೇಲೆ ಕೇಡು ತರ್ಲಾ? ಕಳ್ಳಿ ಅನ್ಲಿ ಬಿಡು ಅಂದ್ಕೊಂಡೆ. ಸೂಲಗಿತ್ತಿಗೆ ಒಂದಲ್ಲ ಒಂದು ಹೆಸರು ಇದ್ದೇ ಇರುತ್ತೆ."

"ನನ್ನಿಂದ ತಪ್ಪಾಯ್ತು," ಎಂದ ಅವನು, ನೆಲ ನೋಡುತ್ತ, ತನಗೇ ಕೇಳಿಸದಷ್ಟು ಸಣ್ಣಗೆ.

"ಅವತ್ತು ಇದೇ ಜಾಗದಲ್ಲಿ ದಂಡೆಗೆಲ್ಲ ಕೇಳೋ ಹಾಗೆ ಹೇಳ್ದೆ. ಇವತ್ತೇನು ಗಂಟಲು ಕಟ್ಟಿದೆಯಾ?"

ಬಲೆ ಬಿಡಿಸುತ್ತಿದ್ದ ಇಬ್ಬರು ತಲೆ ಎತ್ತಿದರು. ಅಂಬಿಗ ಹುಟ್ಟನ್ನು ಊರಿಕೊಂಡು ನಿಂತ. ಸೊಸಿಲೋಸನಿಗೆ ಬಲಿಪೀಠದ ಮುಂದೆ ನಿನ್ನೆ ಅಷ್ಟು ಗಟ್ಟಿಯಾಗಿ ಹೊರಟಿದ್ದ ತನ್ನ ದನಿ ನೆನಪಾಯಿತು. ಅದನ್ನು ಈಗ ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದು ಒಡೆದ ಗಡಿಗೆಯಂಥದು. ಆದರೂ ಅದರಲ್ಲೇ ಹೇಳಿದ. "ಬಿತ್ತೋ ನಮ್ಮ ಓಲೆ ಕದೀಲಿಲ್ಲ. ನನ್ನ ಹೆಂಡ್ತಿ ದೇವಿಗೆ ಕೊಟ್ಟಿದ್ಲು. ನಾನು ಸುಳ್ಳು ಹೇಳಿದ್ದೆ." ಬಲೆಯವರಲ್ಲೊಬ್ಬ ಕೆಮ್ಮಿದ. ಅವಮಾನವೆಂದರೆ ಗುಡುಗಿನಂತೆ ಬರುವುದೆಂದು ಅವನು ತಿಳಿದಿದ್ದ. ಅದು ಆ ಕೆಮ್ಮಿನಷ್ಟೇ ಇತ್ತು. ಕಾಲುಗಳು ನಿಂತಲ್ಲೇ ನಿಂತಿದ್ದವು.

ಬಿತ್ತೋ ಉಳಿದ ರೊಟ್ಟಿಯ ಚೂರನ್ನು ಅವನತ್ತ ಹಿಡಿದಳು. ಅವನು ತೆಗೆದುಕೊಂಡ.

ಫಿಲ್ತೆ ಅಷ್ಟು ಹೊತ್ತೂ ಕೊರಳಿನ ಓಲೆಯನ್ನು ಮುಷ್ಟಿಯೊಳಗೆ ಹಿಡಿದು ಕೂತಿದ್ದಳು. ಅವನು ಅವಳಿಗೆ ಎಲ್ಲವನ್ನೂ ಹೇಳಿದ: ಮೂಸೆ, ಬೆಂಕಿ, ಜೋಡಿಯಾದರೆ ಉಳಿಯುತ್ತದೆ, ಅಮ್ಮನ ಹೆಸರು ಕಲ್ಲಿಗೇರುತ್ತದೆ. ಹರಳಿನ ವಿಷಯವನ್ನೂ ಹೇಳಿದ. ಯಾಕೆಂದು ಅವನಿಗೇ ತಿಳಿಯಲಿಲ್ಲ, ಒಂದು ಹೊರಬಿದ್ದ ಮೇಲೆ ಇನ್ನೊಂದು ಒಳಗೆ ನಿಲ್ಲಲಿಲ್ಲ. "ಹರಳಿಗೆ ವಯಸ್ಸಾಗಿ ಕಪ್ಪಾಗಿದ್ದಲ್ಲ, ಮಗಳೇ. ಅದು ಪೇಲವ ಹರಳು. ಅಡೀಲಿ ಬಣ್ಣದ ತಗಡಿಟ್ಟಿದ್ದೆ. ನಿಮ್ಮಮ್ಮನಿಗೆ ಹೇಳಿರ್ಲಿಲ್ಲ."

"ಅವಳಿಗೆ ಗೊತ್ತಿತ್ತು," ಎಂದಳು ಬಿತ್ತೋ.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದ್ರೆ ಕಾಣುತ್ತಲ್ಲ. ಗುಡಿ ಮೆಟ್ಲ ಮೇಲೆ ಕೂತು ಓಲೆ ಬಿಚ್ಚಿ ಹಾಗೆ ಹೀಗೆ ತಿರುಗಿಸಿ ನಗ್ತಿದ್ಲು. ನೋಡು ಬಿತ್ತೋ, ಎಷ್ಟು ಕಷ್ಟಪಟ್ಟು ಕೆಂಪು ಮಾಡಿದ್ದಾನೆ, ಅಂತ. ಇದನ್ನ ದೇವಿ ಬೇಡ ಅಂತಾಳಾ, ಅಂತ."

ಕಡಲು ದಂಡೆಯ ಕಲ್ಲುಗಳ ಸಂದಿಗೆ ನುಗ್ಗಿ, ಮತ್ತೆ ಹಿಂದೆ ಸರಿಯಿತು. ಸೊಸಿಲೋಸ್ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನೋಡಿದ. ತಾನು ಎಷ್ಟು ಕಾಲದಿಂದ ಕ್ಷಮಿಸುತ್ತ ಬಂದಿದ್ದನೋ ಅವಳು ಅದಕ್ಕೂ ಮುಂಚೆಯೇ, ಮೆಟ್ಟಿಲ ಮೇಲೆ ಕೂತು, ನಗುತ್ತ, ಆ ಕೆಲಸವನ್ನು ಮುಗಿಸಿಬಿಟ್ಟಿದ್ದಳು. ಆ ನಗುವನ್ನು ಒಂದೇ ಒಂದು ಸಲ ಕೇಳಬೇಕೆಂಬ ಆಸೆ ಅವನ ಎದೆಯ ಗೂಡಿನಲ್ಲಿ ಎಷ್ಟು ರಭಸದಿಂದ ಎದ್ದಿತೆಂದರೆ ಅವನು ಹಗ್ಗದ ಗೂಟವನ್ನು ಹಿಡಿದುಕೊಳ್ಳಬೇಕಾಯಿತು.

"ಕೊಡು, ಮಗಳೇ," ಎಂದ. "ಬೆಂಕಿ ಹದಕ್ಕೆ ಬಂದಿರುತ್ತೆ."

ಫಿಲ್ತೆ ದಾರವನ್ನು ತಲೆಯ ಮೇಲಿನಿಂದ ತೆಗೆದಳು. ಓಲೆಯನ್ನು ಬಿಸಿಲಿಗೆ ಹಿಡಿದು, ತಾಯಿ ನೋಡಿದಂತೆ, ಪಕ್ಕದಿಂದ ನೋಡಿದಳು. ಏನೂ ಕಂಡಿರಲಾರದು, ಬೆಳ್ಳಿ ಪೂರ್ತಿ ಕಪ್ಪಾಗಿತ್ತು. ಬಹಳ ಹೊತ್ತು ನೋಡಿದಳು. ಅನಂತರ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.

"ಇಲ್ಲಪ್ಪಾ."

"ಫಿಲ್ತೆ..."

"ವಾಪಸ್ ಬಂದ ಮೇಲೆ ಕೊಡ್ತೀನಿ ಅಂತ ಅಮ್ಮ ಹೇಳಿದ್ದು. ಈಗ ಕೊಟ್ರೆ ಅದು ಅವಳ ಹರಕೆ ಆಗಲ್ಲ. ನಾನು ವಾಪಸ್ ಬರ್ತೀನಿ. ಬಂದು ನನ್ನ ಕೈಯಿಂದಾನೇ ಕೊಡ್ತೀನಿ."

"ಅಷ್ಟರಲ್ಲಿ ಅದು ಕರಗಿಹೋಗಿರುತ್ತೆ."

"ಹಾಗಾದ್ರೆ ಕರಗದ ಹಾಗೆ ನೀನು ನೋಡ್ಕೋ," ಎಂದಳು ಫಿಲ್ತೆ. "ನಾನು ಇಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ಸಮುದ್ರ ದಾಟ್ತೀನಿ. ನೀನು ಅಷ್ಟು ಮಾಡು."

ಬಿತ್ತೋ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ತಾಯಿಗೆ ಇಷ್ಟು ಬಾಯಿ ಇರ್ಲಿಲ್ಲ ನೋಡು," ಎಂದಳು. ಅಂಬಿಗ ಕೈ ನೀಡಿದ. ಬಿತ್ತೋಳ ಹಿಂದೆಯೇ ಫಿಲ್ತೆ ಹತ್ತಿ ಕೂತು ಹೊದಿಕೆ ಸರಿಮಾಡಿಕೊಂಡಳು. ಗಾಳಿಗೆ ಅವಳ ತಲೆಯ ಬಟ್ಟೆ ಸರಿಯಿತು. ಅವಳ ಎರಡು ಕಿವಿಗಳೂ ಬರಿದಾಗಿದ್ದವು. ಸೊಸಿಲೋಸ್ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಇದೇ ದಂಡೆಯ ಮೇಲೆ ಕ್ಲೈನೋಗೆ ಆಡಿದ ಕೊನೆಯ ಮಾತು ಎಂಥದೆಂದು ನೆನಪಾಗಿ ಹೆದರಿದ. "ಹೊದಿಕೆ ಮರೆತಿಲ್ಲ ತಾನೇ?" ಎಂದ. ಅವಳು ಹೊದಿಕೆಯ ತುದಿಯನ್ನು ಎತ್ತಿ ತೋರಿಸಿದಳು.

ಭಂಡಾರದಲ್ಲಿ ಮೂಸೆಯ ಅಡಿಯ ಇದ್ದಿಲು ಬೆಳ್ಳಗೆ ಉರಿಯುತ್ತಿತ್ತು. ಉಳಿದದ್ದೆಲ್ಲ ಮೂಸೆಯ ಪಕ್ಕ ರಾಶಿಯಾಗಿತ್ತು. ಜಿಂಕೆ ಮಾತ್ರ ಅವನು ಬಿಟ್ಟುಹೋದಲ್ಲೇ, ಬಾಗಿದ ಕಿವಿಯನ್ನು ಹಿಂದಕ್ಕಿಟ್ಟುಕೊಂಡು, ಕೂತಿತ್ತು. ಮೆನಿಲ್ಲೊಸ್ ಅವನ ಖಾಲಿ ಕೈ ನೋಡಿದ.

"ಕೊಡಲ್ಲ ಅಂದ್ಲಾ?"

"ಕೊಡ್ತಾಳೆ. ವಾಪಸ್ ಬಂದ ಮೇಲೆ."

"ಅಣ್ಣ, ಬರೆದ ತೂಕ ಮೂಸೆಗೆ ಬೀಳ್ಲೇಬೇಕಲ್ಲ. ಒಂದು ಗುಲಗಂಜಿ ಕಮ್ಮಿ ಆದ್ರೂ ಸಭೇಲಿ ನನ್ನನ್ನ ನಿಲ್ಲಿಸಿ ಕೇಳ್ತಾರೆ."

ಸೊಸಿಲೋಸ್ ತನ್ನ ಬೆರಳಿನ ಮುದ್ರೆಯುಂಗುರವನ್ನು ಹಿಡಿದು ಎಳೆದ. ಬರಲಿಲ್ಲ. ಮದುವೆಗೆ ಮೊದಲು ಹಾಕಿಕೊಂಡದ್ದು. ಬೆರಳು ಅದರ ಸುತ್ತ ದಪ್ಪಗಾಗಿತ್ತು. ಎಣ್ಣೆ ಹಚ್ಚಿ, ತಿರುವಿ, ಗೆಣ್ಣಿನ ಚರ್ಮ ಸುಲಿದು ಹೊರಗೆಳೆದ. ಚಿಮಟದಿಂದ ಅಂಚನ್ನು ಎತ್ತಿ ಹರಳು ಕಿತ್ತ. ಅದರ ಮೇಲೆ ಅವನ ಗುರುತು ಕೆತ್ತಿತ್ತು: ತಕ್ಕಡಿ ಹಿಡಿದ ಕೈ. ಕಿತ್ತ ಹರಳನ್ನು ಉಳಿದ ಹರಳುಗಳ ಬಟ್ಟೆಯೊಳಗೆ ಹಾಕಿದ. ಖಾಲಿ ಉಂಗುರವನ್ನು ತಕ್ಕಡಿಯ ಒಂದು ಕಡೆಗೂ ಜಿಂಕೆಯನ್ನು ಇನ್ನೊಂದು ಕಡೆಗೂ ಇಟ್ಟು ತೂಗಿದ. ಉಂಗುರದ ಕಡೆ ತುಸು ಇಳಿಯಿತು.

"ಹೆಚ್ಚಾಯ್ತು," ಎಂದ ಮೆನಿಲ್ಲೊಸ್, ಬಗ್ಗಿ ನೋಡುತ್ತ.

"ಹೆಚ್ಚಾದ್ರೆ ಯಾರೂ ಕೇಳಲ್ಲ. ಜಿಂಕೆ ಇಲ್ಲೇ ಇರುತ್ತೆ, ಹೊರಗೆ ಒಯ್ಯಲ್ಲ. ದೇವಿ ಗಡಿಗೇಲೇ ಇರ್ಲಿ."

ಮೆನಿಲ್ಲೊಸ್ ಕೊನೆಗೆ ತಲೆಯಾಡಿಸಿ ಬಾಗಿಲ ಬಳಿಯ ಕಲ್ಲಿಗೆ ಮರಳಿದ. ಸೊಸಿಲೋಸ್ ಉಂಗುರವನ್ನು ರಾಶಿಯ ಜೊತೆ ಮೂಸೆಗೆ ಸುರಿದ. ವಾಪಸ್ ಬರದವರ ಒಂಟಿ ಓಲೆಗಳು, ದ್ರಾಕ್ಷಿಗೊನೆಗಳು, ಪಾರಿವಾಳಗಳು, ಸಿಂಹದ ತಲೆಗಳು ಒಂದರ ಮೇಲೊಂದು ಒರಗಿ, ಅಂಚು ಮಿದುವಾಗಿ, ತಮ್ಮ ತಮ್ಮ ಮುಖಗಳನ್ನು ಬಿಟ್ಟುಕೊಡುತ್ತ ಒಂದೇ ಕಣ್ಣಾದವು. ಅವನು ಒಬ್ಬೊಬ್ಬರ ಹೆಸರನ್ನೂ ತಿಳಿಯದೆಯೇ ಒಬ್ಬೊಬ್ಬರಿಗೂ ತುಟಿಯೊಳಗೆ ಒಂದು ಪ್ರಾರ್ಥನೆ ಹೇಳಿದ. ಅನಂತರ ಖಾಲಿ ಗಡಿಗೆಯೊಳಗೆ ಜಿಂಕೆಯನ್ನು ಇಡಲು ಹೋಗಿ, ಇಡದೆ, ಭಂಡಾರದ ಸಣ್ಣ ಕಿಟಕಿಯ ಕಲ್ಲಿನ ಮೇಲೆ, ಎಡಕ್ಕೆ ಮುಖ ಮಾಡಿ ಕೂರಿಸಿದ. ಎಡಕ್ಕೆ ಕಡಲಿತ್ತು. ಕಡಲಿನ ನಡುವೆ ಕಲ್ಲಂಗಡಿಯ ಬೀಜದಷ್ಟು ಕಪ್ಪಾಗಿ ದೋಣಿ ಇತ್ತು; ಅದು ಹೋಗುತ್ತಿದೆಯೋ ನಿಂತಿದೆಯೋ ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ.

"ಇದಕ್ಕೇನು ಬರೀಲಿ?" ಎಂದು ಮೆನಿಲ್ಲೊಸ್ ಹಲಗೆಯಿಂದ ತಲೆ ಎತ್ತಿದ. "ಯಾರು ಕೊಟ್ಟಿದ್ದು ಅಂತ ಹಾಕ್ಬೇಕಲ್ಲ."

"ಈಗ ಬರೀಬೇಡ. ಜಾಗ ಬಿಡು."

"ಎಷ್ಟು ಬಿಡ್ಲಿ?"

ಸೊಸಿಲೋಸ್ ಅಳತೆ ತೋರಿಸಲು ಕೈ ಎತ್ತಿದ. ಉಂಗುರವಿದ್ದ ಕಡೆ ಚರ್ಮ ಬೆಳ್ಳಗೆ, ಎಳೆಯ ಮಗುವಿನದರ ಹಾಗೆ ನುಣ್ಣಗಿತ್ತು. ಅವನು ಅದನ್ನು ಬೇರೆ ಯಾರದೋ ಕೈಯೆಂಬಂತೆ ಒಂದು ಕ್ಷಣ ನೋಡಿದ.

"ಎರಡು ಹೆಸರಿಗಾಗೋಷ್ಟು," ಎಂದ.